ನಮ್ಮ ಮಣ್ಣಿಗೆ ಜೀಪು ಕಟ್ಟುವ ಮುನ್ನ

ಹಳೆ ಜೀಪು ಮನೆ ಮುಂದೆ ಬಂದು ನಿಂತ ದಿನವೇ ಬಣ್ಣದ ಮಾತು ಶುರುವಾಗುತ್ತದೆ. ಮಿಲಿಟರಿ ಹಸಿರೋ ಮರಳು ಬಣ್ಣವೋ, ಮುಂದಿನ ಬಂಪರ್ ಎಷ್ಟು ದಪ್ಪ, ಲೈಟು ಎಷ್ಟು. ಇವೆಲ್ಲ ಕಡೆಯ ತಿಂಗಳ ಮಾತು. ಪೂರ್ತಿ ಬಿಚ್ಚಿ ಚಾಸಿಯಿಂದ ಮತ್ತೆ ಕಟ್ಟಬೇಕು ಅಂತಿದ್ದರೆ ಮೊದಲು ತೀರ್ಮಾನ ಆಗಬೇಕಾದದ್ದು ಟೈರು. ಟೈರಿಗೂ ಮೊದಲು ಅದು ಓಡಾಡುವ ಮಣ್ಣು. ಟೈರಿನ ಎತ್ತರ ನೋಡಿಕೊಂಡು ಕ್ರೌನ್ ಪಿನಿಯನ್ (ಚಕ್ರದ ಶಾಫ್ಟು ತಿರುಗಿಸುವ ಹಲ್ಲಿನ ಜೋಡಿ) ಹಲ್ಲಿನ ಲೆಕ್ಕ ಹಾಕಬೇಕು, ಕಮಾನಿನ (ಪಟ್ಟಿ ಸ್ಪ್ರಿಂಗಿನ) ಎತ್ತರ ನೋಡಿಕೊಂಡು ಗೇರ್‌ಬಾಕ್ಸ್ ಕಡೆಯಿಂದ ಆ ಹಲ್ಲಿಗೆ ಬಲ ಒಯ್ಯುವ ಜಾಯಿಂಟ್ ಶಾಫ್ಟಿನ ಓರೆ, ಬ್ರೇಕು, ಸ್ಟೀರಿಂಗು. ಮೇಲಿನಿಂದ ಕೆಳಕ್ಕೆ ಯೋಚಿಸಿದವರು ಒಂದೇ ಕೆಲಸಕ್ಕೆ ಎರಡೆರಡು ಸಲ ದುಡ್ಡು ಕೊಡುತ್ತಾರೆ.

ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಯ ನೆಲ ಒಂದೇ ಥರದ್ದಲ್ಲ. ಸಂಡೂರು, ದೋಣಿಮಲೈ ಕಡೆ ಸಡಿಲ ಕಲ್ಲು, ಕಡಿದಾದ ಏರು, ಮೇಲೆ ಅದಿರಿನ ಕೆಂಧೂಳು. ಸಿರುಗುಪ್ಪ, ಸಿಂಧನೂರು, ಗಂಗಾವತಿಯ ಭತ್ತದ ಸೀಮೆಯಲ್ಲಿ ಎರೆ ಮಣ್ಣು. ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನ ಒಳಗೆಲ್ಲ ತುಂಬುತ್ತದೆ. ಕೊಪ್ಪಳ, ಕುಷ್ಟಗಿ ಕಡೆ ಮಸಾರಿ ಮತ್ತು ಬಂಡೆ. ಗುಡ್ಡಕ್ಕೆ ಬೇಕಾದದ್ದು ಗಟ್ಟಿ ಸೈಡ್‌ವಾಲ್ ಮತ್ತು ಚಿಕ್ಕ ಗೇರು. ಎರೆಗೆ ಬೇಕಾದದ್ದು ಗುಬ್ಬಿಗಳ (ಟೈರಿನ ಮೇಲಿನ ರಬ್ಬರ್ ಉಬ್ಬುಗಳ) ನಡುವೆ ಅಗಲ ಸಂದು ಇರುವ, ತಿರುಗುವಾಗ ಮಣ್ಣು ತಾನೇ ಉದುರಿಸುವ ಟೈರು. ಕೆಳಗೆ ಗಟ್ಟಿ ನೆಲ ಇರುವ ಕೆಸರಿನಲ್ಲಿ 7.00-16 ಥರದ ಕಿರಿದಾದ ಟೈರು ಕೆಸರು ಸೀಳಿ ಇಳಿದು ಹಿಡಿತ ಕಂಡುಕೊಳ್ಳುತ್ತದೆ. ತಳವೇ ಇಲ್ಲದ ಗದ್ದೆಯಲ್ಲಿ ಅದೇ ಟೈರು ಹೌಸಿಂಗ್ (ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚ) ನೆಲಕ್ಕೆ ಕೂರುವ ತನಕ ಇಳಿಯುತ್ತದೆ. ನೂರರಲ್ಲಿ ಎಂಬತ್ತು ದಿನ ಜೀಪು ಎಲ್ಲಿ ಓಡುತ್ತದೋ ಅಲ್ಲಿಗೆ ಕಟ್ಟಿ.

ಈಗ ಲೆಕ್ಕ. 215/75 ಆರ್15 ಟೈರಿನ ಎತ್ತರ ಸುಮಾರು 703 ಮಿ.ಮೀ. 31 ಇಂಚಿನ ಟೈರು 787 ಮಿ.ಮೀ. ಅಂದರೆ ಶೇಕಡಾ 12 ಹೆಚ್ಚು. ಸ್ಪೀಡೋಮೀಟರ್ 60 ತೋರಿಸುವಾಗ ಜೀಪು 67ರಲ್ಲಿ ಓಡುತ್ತಿರುತ್ತದೆ, 4.88 ಇದ್ದ ಗೇರು (ಚಕ್ರದ ಒಂದು ಸುತ್ತಿಗೆ ಜಾಯಿಂಟ್ ಶಾಫ್ಟು 4.88 ಸುತ್ತು) ಎಂಜಿನ್‌ಗೆ 4.36 ಇದ್ದಂತೆ ಭಾರವಾಗುತ್ತದೆ. ಸಂಡೂರಿನ ಏರಿನಲ್ಲಿ ಎರಡನೇ ಗೇರಿನಲ್ಲಿ ಹೋಗುತ್ತಿದ್ದದ್ದು ಒಂದಕ್ಕೆ ಬೀಳುತ್ತದೆ, ಕ್ಲಚ್ ಸುಡುತ್ತದೆ. ಅದೇ 31 ಇಂಚಿಗೆ 5.38 ಹಲ್ಲು ಹಾಕಿದರೆ ಲೆಕ್ಕ 4.81ಕ್ಕೆ ಬಂದು ಮೊದಲಿನ ಹಾಗೇ ಎಳೆಯುತ್ತದೆ. 235/75 ಆರ್15 ಆದರೆ ಎತ್ತರ 733 ಮಿ.ಮೀ., ವ್ಯತ್ಯಾಸ ಶೇಕಡಾ 4ರ ಸುಮಾರು. ಹಲ್ಲು ಬದಲಿಸುವ ಖರ್ಚೇ ಬೇಡ. ಹೊಲ, ಗುಡ್ಡ, ಡಾಂಬರು ಮೂರೂ ಬೇಕು ಅನ್ನುವವರಿಗೆ ನಾನು ಹೇಳುವುದು ಈ ಅಳತೆಯನ್ನೇ. ಒಂದು ಮಾತು ಗಮನದಲ್ಲಿರಲಿ: 4.88 ಹಲ್ಲು, 215/75 ಟೈರು, ನೇರ (1:1) ನಾಲ್ಕನೇ ಗೇರು ಇದ್ದರೆ ಗಂಟೆಗೆ 80 ಕಿ.ಮೀ.ಗೆ ಎಂಜಿನ್ 3000 ಸುತ್ತಿನ ಹತ್ತಿರ ತಿರುಗುತ್ತಿರುತ್ತದೆ. ಹೊಸಪೇಟೆ ಹೈವೇಯಲ್ಲಿ ಕಾರಿನ ಜೊತೆ ಓಡುವ ಆಸೆ ಇಟ್ಟುಕೊಂಡು ಇದನ್ನು ಕಟ್ಟಬಾರದು.

ಬಿಚ್ಚುವ ಮೊದಲು ಕಾಗದ. ಖಾಸಗಿ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನಮೂನೆ 25 ಕೊಟ್ಟು, ಗಾಡಿ ತೋರಿಸಿ ನವೀಕರಿಸಬೇಕು. ಕೆಎ 34 ಇರಲಿ, 36 ಇರಲಿ, 37 ಇರಲಿ, ಆರ್‌ಸಿಯಲ್ಲಿರುವ ಚಾಸಿ ನಂಬರ್ ಚಾಸಿಯ ಮೇಲೆ ಕಣ್ಣಿಗೆ ಕಾಣುವಂತಿದೆಯೇ, ಎಂಜಿನ್ ನಂಬರ್ ಹೊಂದುತ್ತದೆಯೇ ಎಂದು ಮೊದಲ ದಿನವೇ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಚಾಸಿಗೆ ಮರಳು ಹೊಡೆಸುವಾಗ (ಬ್ಲಾಸ್ಟಿಂಗ್) ಆ ಜಾಗಕ್ಕೆ ದಪ್ಪ ಟೇಪು ಸುತ್ತಿರಬೇಕು; ಇಲ್ಲದಿದ್ದರೆ ಅಂಕಿ ಸವೆದು ಹೋಗುತ್ತದೆ, ಆಮೇಲೆ ಯಾರಿಗೆ ಹೇಳಿದರೂ ನಂಬುವುದಿಲ್ಲ. ಎಂಜಿನ್ ಬದಲಿಸುವುದು, ಬಾಡಿಯ ಮೂಲ ಸ್ವರೂಪ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕೆಳಗೆ ಬರುತ್ತದೆ. ಆರ್‌ಟಿಒ ಅನುಮತಿ ಮೊದಲು, ಕೆಲಸ ಆಮೇಲೆ.

ಓಡುವ ಸ್ಥಿತಿಯಲ್ಲಿದ್ದರೆ ಬಿಚ್ಚುವ ಮುನ್ನ ಎರಡು ದಿನ ಓಡಿಸಿ. ಯಾವ ಗೇರಿನಲ್ಲಿ ಕೂಗುತ್ತದೆ, ಯಾವ ಗೇರು ತಾನೇ ನ್ಯೂಟ್ರಲ್‌ಗೆ ಬೀಳುತ್ತದೆ, ಬ್ರೇಕು ಯಾವ ಕಡೆ ಎಳೆಯುತ್ತದೆ, ಫೋರ್ ವೀಲ್ ಹಾಕಿದಾಗ ಏನು ಸದ್ದು. ಕಳಚಿ ನೆಲದ ಮೇಲೆ ಇಟ್ಟ ಗೇರ್‌ಬಾಕ್ಸ್ ತನ್ನ ರೋಗ ಹೇಳುವುದಿಲ್ಲ.

ಬಿಚ್ಚುವಾಗ ಪ್ರತಿ ಜೋಡಣೆಗೂ ಮೂರು ಫೋಟೋ, ಪ್ರತಿ ಗುಂಪಿನ ಬೋಲ್ಟಿಗೆ ಬೇರೆ ಚೀಲ, ಚೀಲದ ಒಳಗೆ ಚೀಟಿ. ಮೇಲೆ ಮಾರ್ಕರಿನಲ್ಲಿ ಬರೆದದ್ದು ಡೀಸೆಲ್ ತಾಗಿದರೆ ಅಳಿಸುತ್ತದೆ. ಈ ಜೀಪುಗಳಲ್ಲಿ ಒಂದು ತೊಡಕಿದೆ: ಚಾಸಿ, ಹೌಸಿಂಗುಗಳಲ್ಲಿ ಇಂಚಿನ ಬೋಲ್ಟುಗಳು, ಫ್ರಾನ್ಸಿನ ಪೆಜೋ ಕಂಪನಿ ಮೂಲದ ಡೀಸೆಲ್ ಎಂಜಿನ್‌ನಲ್ಲಿ ಮಿಲಿಮೀಟರ್ ಬೋಲ್ಟುಗಳು. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿ.ಮೀ., ಎಂ8ರದ್ದು 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಎಂ8 ಬೋಲ್ಟು 5/16ರ ತೂತಿನಲ್ಲಿ ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ. ಅಲ್ಲಿ ಪಾನಾಕ್ಕೆ ಪೈಪು ಹಾಕಿ ತಿರುಗಿಸಿದರೆ ಮರೆ (ಥ್ರೆಡ್) ಕಿತ್ತು ಬರುತ್ತದೆ. ಬೆರಳಲ್ಲಿ ಐದು ಸುತ್ತು ಹೋಗದ ಬೋಲ್ಟನ್ನು ಪಾನಾದಿಂದ ಮುಟ್ಟಬೇಡಿ. ಇನ್ನೊಂದು, ಹಳೆ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳು ಎಡ ಮರೆಯವು ಇರುತ್ತವೆ, ಸ್ಟಡ್ಡಿನ ತುದಿಯಲ್ಲಿ 'ಎಲ್' ಗುರುತು ನೋಡಿ.

ಚಾಸಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಾಲ್ಕು ಸ್ಟ್ಯಾಂಡಿಗೆ ಇಟ್ಟು, ಎರಡೂ ಕಡೆಯ ಒಂದೇ ತೂತಿನಿಂದ ತೂಕದ ದಾರ ಇಳಿಬಿಟ್ಟು, ನೆಲದ ಮೇಲೆ ಸುಣ್ಣದ ಗುರುತು ಹಾಕಿ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಕರ್ಣಗಳ ನಡುವೆ 3 ಮಿ.ಮೀ. ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. 6 ದಾಟಿದರೆ ಚಾಸಿ ನೆಟ್ಟಗೆ ಮಾಡುವವರ ಬಳಿಗೇ ಹೋಗಬೇಕು. ಬಿರುಕು ಬರುವ ಜಾಗಗಳು ಗೊತ್ತಿರುವಂಥವೇ: ಸ್ಟೀರಿಂಗ್ ಬಾಕ್ಸ್ ಕೂರುವಲ್ಲಿ, ಕಮಾನಿನ ಹ್ಯಾಂಗರ್ ಹತ್ತಿರ, ಅಡ್ಡಪಟ್ಟಿಯ ರಿವೆಟ್ಟುಗಳ ಸುತ್ತ. ವೈರ್ ಬ್ರಷ್ ಹೊಡೆದು, ಡೀಸೆಲ್ ಸವರಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ ಹತ್ತು ನಿಮಿಷ ಬಿಟ್ಟರೆ ಬಿರುಕಿನೊಳಗಿನ ಡೀಸೆಲ್ ಹೊರಗೆ ಬಂದು ಕಪ್ಪು ಗೆರೆ ಮೂಡುತ್ತದೆ.

ಬಿರುಕಿನ ಮೇಲೆ ಸುಮ್ಮನೆ ವೆಲ್ಡಿಂಗ್ ಎಳೆದರೆ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಬಿರುಕಿನ ತುದಿಗೆ 4 ಮಿ.ಮೀ. ತೂತು ಹೊಡೆದು ಅದು ಮುಂದೆ ಓಡದಂತೆ ನಿಲ್ಲಿಸಿ, ಗೆರೆಯನ್ನು 'ವಿ' ಆಕಾರಕ್ಕೆ ಗ್ರೈಂಡ್ ಮಾಡಿ, ವೆಲ್ಡ್ ತುಂಬಿ ಮಟ್ಟ ಮಾಡಿ, ಆಮೇಲೆ ಮೇಲೊಂದು ಪ್ಲೇಟು. ಆ ಪ್ಲೇಟಿನ ತುದಿಗಳು ಓರೆಯಾಗಿರಬೇಕು. ಚೌಕವಾಗಿ ಕತ್ತರಿಸಿ ಚಾಸಿಗೆ ಅಡ್ಡಲಾಗಿ ನೇರ ಗೆರೆಯಲ್ಲಿ ವೆಲ್ಡ್ ಮಾಡಿದರೆ ಚಾಸಿ ಬಾಗುವ ಬಲವೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುತ್ತದೆ. ಮೇಲಿನ, ಕೆಳಗಿನ ಅಂಚಿನ ತುದಿಗೆ ವೆಲ್ಡ್ ತಾಗಿಸಲೇಬಾರದು. ಸಡಿಲವಾದ ರಿವೆಟ್ಟು ಕಿತ್ತರೆ ತೂತನ್ನು ರೀಮರ್ ಹೊಡೆದು ಅಳತೆಗೆ ತಂದು 8.8 ಇಲ್ಲವೇ 10.9 ಗ್ರೇಡಿನ ಬೋಲ್ಟು, ನೈಲಾಕ್ ನಟ್ಟು. ಪೆಟ್ಟಿಗೆಯಂತೆ ಮುಚ್ಚಿದ ಭಾಗಗಳಿಗೆ ತಳದಲ್ಲಿ 12 ಮಿ.ಮೀ. ತೂತು ಬೇಕು, ಒಳಗೆ ಕೂತ ಅದಿರಿನ ಧೂಳು ಮಳೆಗಾಲದಲ್ಲಿ ತೇವ ಹಿಡಿದುಕೊಂಡು ಒಳಗಿನಿಂದಲೇ ತಿನ್ನುತ್ತದೆ.

ಹೌಸಿಂಗುಗಳಿಗೆ ಬರೋಣ. ಹಳೆ ಜೀಪುಗಳಲ್ಲಿ ಹೆಚ್ಚಾಗಿ ಸಿಗುವ ಹಲ್ಲಿನ ಜೋಡಿ ಎರಡು: 39ಕ್ಕೆ 8, ಅಂದರೆ 4.88, 43ಕ್ಕೆ 8, ಅಂದರೆ 5.38. ಮುಂದಿನದ್ದು ಒಂದು ಗುಜರಿಯಿಂದ, ಹಿಂದಿನದ್ದು ಇನ್ನೊಂದರಿಂದ ತಂದು ಕೂರಿಸಿದ ಜೀಪಿನಲ್ಲಿ ಇವೆರಡೂ ಬೆರೆತಿರುವುದುಂಟು. ಟು ವೀಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರ ಹಿಂದಿನದಕ್ಕಿಂತ ಶೇಕಡಾ 10 ಬೇರೆ ವೇಗದಲ್ಲಿ ತಿರುಗಲು ನೋಡುತ್ತದೆ, ಜಾಯಿಂಟ್ ಶಾಫ್ಟಿನ ತುದಿಯ ಕ್ರಾಸ್ ಮುರಿಯುತ್ತದೆ ಇಲ್ಲವೇ ಮುಂದಿನ, ಹಿಂದಿನ ಹೌಸಿಂಗಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಲ್ಲು ಹೋಗುತ್ತದೆ. ಕೊಳ್ಳುವಾಗಲೇ ಪರೀಕ್ಷೆ ಮಾಡಬಹುದು: ಗೇರು ನ್ಯೂಟ್ರಲ್‌ನಲ್ಲಿಟ್ಟು ಒಂದು ಚಕ್ರ ಮಾತ್ರ ಜಾಕಿಯಿಂದ ಎತ್ತಿ, ಅದನ್ನು 20 ಸುತ್ತು ತಿರುಗಿಸಿ, ಜಾಯಿಂಟ್ ಶಾಫ್ಟಿನ ಸುತ್ತು ಎಣಿಸಿ. 49ರ ಹತ್ತಿರ ಬಂದರೆ 4.88, 54ರ ಹತ್ತಿರ ಬಂದರೆ 5.38. ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟಿರಬೇಕು. ಹೊಸ ಹಲ್ಲು ಕೂರಿಸುವಾಗ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) 0.13ರಿಂದ 0.23 ಮಿ.ಮೀ. ಒಳಗೆ ಡಯಲ್ ಗೇಜಿನಲ್ಲಿ ನೋಡಿ, ಹಲ್ಲಿಗೆ ಬಣ್ಣ ಸವರಿ ಗುರುತು ಎಲ್ಲಿ ಬೀಳುತ್ತದೆ ನೋಡಿಯೇ ಮುಚ್ಚಬೇಕು. ಕೈಯಲ್ಲಿ ಅಲುಗಿಸಿ "ಸರಿ ಐತೆ ಬಿಡಣ್ಣ" ಎನ್ನುವ ಮೇಸ್ತ್ರಿಗೆ ಈ ಒಂದು ಕೆಲಸ ಕೊಡಬೇಡಿ.

ಮುಂದಿನ ಹೌಸಿಂಗಿನ ನಕಲ್ (ಚಕ್ರ ಎಡಬಲಕ್ಕೆ ತಿರುಗಿಸುವ ಕೀಲು) ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಜೀಪು ನಡುಗುವುದಕ್ಕೆ ಅರ್ಧ ಕಾರಣ ಅಲ್ಲೇ ಇರುತ್ತದೆ. ಹೌಸಿಂಗಿನ ತುದಿಯಲ್ಲಿ ತೆಂಗಿನಕಾಯಿಗಿಂತ ದೊಡ್ಡ ಉಕ್ಕಿನ ಗುಂಡು. ಅದನ್ನು ಸುತ್ತಿಕೊಂಡು ನಕಲ್, ಮೇಲೆ ಕೆಳಗೆ ಕಿಂಗ್ ಪಿನ್ ಬೇರಿಂಗ್. ಗುಂಡನ್ನು ಫೆಲ್ಟ್ ಮತ್ತು ರಬ್ಬರ್ ಸೀಲು ಒರೆಸುತ್ತಿರುತ್ತದೆ. ಗುಂಡಿನ ಮೇಲೆ ಉಗುರು ಎಳೆದು ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಕುಳಿ ಇದೆ. ಆ ಕುಳಿಯ ಅಂಚು ಹೊಸ ಸೀಲನ್ನು ತಿಂಗಳೊಳಗೆ ಹರಿಯುತ್ತದೆ, ಕೆಂಪು ಧೂಳು ಗ್ರೀಸಿಗೆ ಸೇರುತ್ತದೆ. ಹೆಮಟೈಟ್ ಅದಿರು ಸಾಧಾರಣ ಕಬ್ಬಿಣಕ್ಕಿಂತ ಗಡಸು. ಗ್ರೀಸಿನಲ್ಲಿ ಬೆರೆತರೆ ಅದು ವಾಲ್ವ್ ಉಜ್ಜುವ ಪೇಸ್ಟಿನ ಕೆಲಸವನ್ನೇ ಮಾಡುತ್ತದೆ. ಕುಳಿ ತುಂಬಿಸಿ, 400 ನಂಬರ್ ಎಮರಿ ಕಾಗದದಿಂದ ನುಣುಪು ಮಾಡಿಯೇ ಸೀಲು ಹಾಕಿ.

ಕಿಂಗ್ ಪಿನ್ ಮುಚ್ಚಳದ ಕೆಳಗಿನ ಶಿಮ್ಮುಗಳನ್ನು (ತೆಳು ಲೋಹದ ಹಾಳೆಗಳನ್ನು) ಮೇಲಿನವು, ಕೆಳಗಿನವು ಬೇರೆ ಬೇರೆ ಕಟ್ಟಿಡಿ. ಒಟ್ಟು ದಪ್ಪ ಬೇರಿಂಗಿನ ಬಿಗಿ ನಿರ್ಧರಿಸುತ್ತದೆ, ಮೇಲೆ ಕೆಳಗಿನ ಹಂಚಿಕೆ ನಕಲ್ ಗುಂಡಿನ ನಡುಮಧ್ಯ ಕೂರುವುದನ್ನು ನಿರ್ಧರಿಸುತ್ತದೆ. ಸೀಲೂ, ಎರಡು ಮುಂಚಕ್ರ ಸೇರಿಸುವ ಟೈ ರಾಡೂ ಹಾಕದೆ ನಕಲನ್ನು ಕೈಯಲ್ಲಿ ತಿರುಗಿಸಿದರೆ ಕೊನೆಯಿಂದ ಕೊನೆಗೆ ಒಂದೇ ಸಮನಾದ ಸಣ್ಣ ಬಿಗಿ ಇರಬೇಕು. ತಳ್ಳಿದ ಕೂಡಲೇ ಬಾಗಿಲಿನ ಹಾಗೆ ತಾನೇ ತೂಗಿದರೆ ಒಂದು ತೆಳು ಶಿಮ್ ತೆಗೆಯಿರಿ. ಕಂಪನಿಯ ಮ್ಯಾನುಯಲ್ಲಿನ ಅಂಕಿ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡುವುದಕ್ಕೆ ಇದೆ, ಅದನ್ನೇ ಬಳಸಿ. ಗುಂಡಿ ಹಾರಿದ ಮೇಲೆ 50-60ರ ವೇಗದಲ್ಲಿ ಮುಂದಿನ ಚಕ್ರ ಎರಡೂ ಒದರಲು ಶುರುವಾದರೆ ಗ್ಯಾರೇಜಿನಲ್ಲಿ ಸ್ಟೀರಿಂಗ್ ಡ್ಯಾಂಪರ್ ಹಾಕಿ ಕಳಿಸುತ್ತಾರೆ. ಡ್ಯಾಂಪರ್ ರೋಗ ಮುಚ್ಚುತ್ತದೆ. ಕಿಂಗ್ ಪಿನ್ ಸಡಿಲ, ಟೈ ರಾಡ್ ಎಂಡ್, ಕಮಾನಿನ ಬುಷ್, ಕಡಿಮೆಯಾದ ಕ್ಯಾಸ್ಟರ್ (ಕಿಂಗ್ ಪಿನ್ನಿನ ಹಿಂದಕ್ಕಿನ ಓರೆ), ಬ್ಯಾಲೆನ್ಸ್ ಇಲ್ಲದ ಟೈರು: ಈ ಸಾಲಿನಲ್ಲೇ ಹುಡುಕಿ. ಕ್ಯಾಸ್ಟರ್ 3 ಡಿಗ್ರಿ ಆಸುಪಾಸು, ಟೋ-ಇನ್ (ಮುಂಚಕ್ರಗಳ ಮುಂದಿನ ಅಂಚು ಒಳಕ್ಕೆ ಬಂದಿರುವುದು) 2 ಮಿ.ಮೀ. ಹತ್ತಿರ ಇದ್ದರೆ ಈ ಜೀಪುಗಳು ನೆಟ್ಟಗೆ ಓಡುತ್ತವೆ.

ಹಿಂದಿನ ಹಬ್ ಟೇಪರ್ ಶಾಫ್ಟಿನದ್ದಾಗಿದ್ದರೆ ಅದಕ್ಕೆಂದೇ ಇರುವ ಪುಲ್ಲರ್ ಬೇಕು. ಶಾಫ್ಟಿನ ತುದಿಗೆ ಸುತ್ತಿಗೆ ಹೊಡೆದರೆ ಆ ಪೆಟ್ಟು ನೇರ ಒಳಗಿನ ಬೇರಿಂಗಿಗೆ. ಎರಡೂ ಹೌಸಿಂಗಿನ ಬ್ರೀದರ್‌ಗೆ (ಗಾಳಿ ಆಡುವ ತೂತಿಗೆ) ರಬ್ಬರ್ ನಳಿಗೆ ಹಾಕಿ ಬಾನೆಟ್ಟಿನ ಎತ್ತರಕ್ಕೆ ಒಯ್ಯಿರಿ. ಓಡಿ ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸಿಕ್ಕ ದಾರಿಯಲ್ಲಿ ನೀರು ಹೀರುತ್ತದೆ. ಬ್ರೀದರ್ ಧೂಳಿನಿಂದ ಕಟ್ಟಿದ್ದರೆ ಆ ದಾರಿ ಆಯಿಲ್ ಸೀಲೇ.

ಕಮಾನಿನ ವಿಷಯ ಚಿಕ್ಕದು. ಇಳಿದ ಪಟ್ಟಿಗಳನ್ನು ಕುಲುಮೆಯಲ್ಲಿ ಕಾಯಿಸಿ ಬಡಿಸಿದರೆ ಉಕ್ಕಿನ ಹದ ಹೋಗುತ್ತದೆ, ಒಂದೇ ಮಳೆಗಾಲದಲ್ಲಿ ಮತ್ತೆ ಕೂರುತ್ತದೆ. ಹೊಸ ಸೆಟ್ ಹಾಕಿ, ಹೊಸ ಯು ಬೋಲ್ಟ್ ಹಾಕಿ. ಒಮ್ಮೆ ಎಳೆದು ಬಿಗಿದ ಯು ಬೋಲ್ಟ್ ಎರಡನೇ ಸಲ ಅದೇ ಬಿಗಿ ಹಿಡಿಯುವುದಿಲ್ಲ. ಎತ್ತರ ಮಾಡಲು ಉದ್ದದ ಶ್ಯಾಕಲ್ (ಕಮಾನಿನ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿ) ಹಾಕುವವರು ನೆನಪಿಡಬೇಕು: ಶ್ಯಾಕಲ್ 2 ಇಂಚು ಉದ್ದವಾದರೆ ಜೀಪು ಏರುವುದು 1 ಇಂಚು, ಜೊತೆಗೆ ಕ್ಯಾಸ್ಟರೂ ಪಿನಿಯನ್ನಿನ ಓರೆಯೂ ಬದಲಾಗುತ್ತವೆ.

ಗೇರ್‌ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗ್ ಇದ್ದರೆ ಜಿಎಲ್-4 ಆಯಿಲ್, ಹೌಸಿಂಗಿಗೆ ಜಿಎಲ್-5. ಎರಡಕ್ಕೂ ಒಂದೇ ಡಬ್ಬಿ ಸುರಿಯಬೇಡಿ. ಟ್ರಾನ್ಸ್‌ಫರ್ ಕೇಸಿನ ನಡುವಿನ ಶಾಫ್ಟ್ ಕೂರುವ ತೂತು ಸವೆದಿದೆಯೇ ಮೊದಲು ನೋಡಿ. ಅದು ಸವೆದಿದ್ದರೆ ಯಾವ ಸೀಲು ಹಾಕಿದರೂ ಆಯಿಲ್ ಸೋರುತ್ತದೆ. ಹ್ಯಾಂಡ್ ಬ್ರೇಕ್ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ ಇರುವ ಜೀಪುಗಳಲ್ಲಿ ಈ ಸೋರಿಕೆ ಲೈನರನ್ನು ನೆನೆಸಿ ಹ್ಯಾಂಡ್ ಬ್ರೇಕನ್ನೇ ಕೊಲ್ಲುತ್ತದೆ.

ಮಹೀಂದ್ರಾ ಎಂಎಂ540 ಜೀಪಿನ ಎಕ್ಸ್‌ಡಿಪಿ 4.90 ಎಂಜಿನ್‌ನ ಹೆಸರಿನಲ್ಲೇ ಅದರ ಅಳತೆ ಇದೆ: 4 ಸಿಲಿಂಡರ್, 90 ಮಿ.ಮೀ. ಬೋರ್. ಸ್ಟ್ರೋಕ್ 83, ಒಟ್ಟು 2112 ಸಿಸಿ. ಗಾಡಿ ಪೂರ್ತಿ ಬಿಚ್ಚಿದ್ದೇವೆ ಅಂತ ಎಂಜಿನ್ನನ್ನೂ ಬಿಚ್ಚಬೇಕೆಂದಿಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಒಂದಕ್ಕೊಂದು ಶೇಕಡಾ 10ರ ಒಳಗೆ ಇದ್ದು, ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಒದ್ದು ಬರದಿದ್ದರೆ ಹಾಗೇ ಬಿಡಿ. ಸೀಲು, ನಳಿಗೆ, ನಾಝಲ್ ನೋಡಿ ಮುಗಿಸಿ. ಬಿಚ್ಚಲೇಬೇಕಾದರೆ ಕ್ರ್ಯಾಂಕ್ ಅಳತೆ ಬಂದ ಮೇಲೆಯೇ ಬೇರಿಂಗ್ ಕೊಳ್ಳಿ, 0.25 ಬೇಕೋ 0.50 ಬೇಕೋ ಅಲ್ಲಿ ತಿಳಿಯುತ್ತದೆ. ಡೀಸೆಲ್ ಪಂಪು ಪಂಪಿನವರ ಬೆಂಚಿಗೇ ಹೋಗಲಿ.

ನಮ್ಮ ಕಡೆ ಎಂಜಿನ್ ಸಾಯುವುದು ಧೂಳಿನಿಂದ. ಏರ್ ಫಿಲ್ಟರಿಗಿಂತ ಅದರಿಂದ ಎಂಜಿನ್‌ಗೆ ಹೋಗುವ ರಬ್ಬರ್ ನಳಿಗೆ, ಕ್ಲಿಪ್ಪು ಮೋಸ ಮಾಡುವುದು ಹೆಚ್ಚು. ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೋಡೆಗೆ ಬೆರಳಲ್ಲಿ ತೆಳ್ಳಗೆ ಬಿಳಿ ಗ್ರೀಸ್ ಸವರಿ, ಕ್ಲಿಪ್ಪು ಬಿಗಿದು, ಅದಿರಿನ ಲಾರಿ ಓಡಾಡುವ ದಾರಿಯಲ್ಲಿ 100 ಕಿ.ಮೀ. ಓಡಿಸಿ ಬಿಚ್ಚಿ ನೋಡಿ. ಗ್ರೀಸ್ ಬಿಳಿಯಾಗೇ ಇದ್ದರೆ ಒಳ್ಳೆಯದು. ಕುಂಕುಮ ತಾಗಿದ ಹಾಗೆ ಕೆಂಪು ಕಂಡರೆ ಅಷ್ಟೂ ಧೂಳು ಪಿಸ್ಟನ್ ರಿಂಗಿಗೆ ಹೋಗುತ್ತಿದೆ. ಆಯಿಲ್ ಬಾತ್ ಫಿಲ್ಟರ್ ಇದ್ದರೆ ಗುರುತಿನ ಮಟ್ಟಕ್ಕಿಂತ ಹೆಚ್ಚು ಆಯಿಲ್ ತುಂಬಬಾರದು; ಡೀಸೆಲ್ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಕೈಗೆ ಸಿಗದಷ್ಟು ಓಡಿಬಿಡುತ್ತದೆ.

ಬಿಸಿಲು 40 ದಾಟುವ ಊರುಗಳಲ್ಲಿ "ಥರ್ಮೋಸ್ಟಾಟ್ ತೆಗೆದುಬಿಡಿ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ತೆಗೆಯಬೇಡಿ. ಎಷ್ಟೋ ಎಂಜಿನ್‌ಗಳಲ್ಲಿ ಬಿಸಿಯಾದಾಗ ಬೈಪಾಸ್ ದಾರಿ ಮುಚ್ಚುವುದೂ ಅದೇ. ಅದಿಲ್ಲದಿದ್ದರೆ ಸ್ವಲ್ಪ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ. ಬಿಸಿ ಏರುವುದಾದರೆ ಫ್ಯಾನಿನ ಸುತ್ತ ಶ್ರೌಡ್ (ಗಾಳಿ ಹಿಡಿದಿಡುವ ಸುತ್ತು ಕವಚ) ಇದೆಯೇ, ರೇಡಿಯೇಟರ್ ಜಾಲರಿಯಲ್ಲಿ ಭತ್ತದ ಹೊಟ್ಟು ಕೂತಿದೆಯೇ ನೋಡಿ. ಬೋರ್‌ವೆಲ್ ನೀರು ಹಾಕಲೇಬಾರದು. ಅಡುಗೆ ಮನೆಯ ಪಾತ್ರೆಗೆ ಕಟ್ಟುವ ಬಿಳಿ ಉಪ್ಪೇ ರೇಡಿಯೇಟರಿನ ನಳಿಗೆಗೂ ಕಟ್ಟುತ್ತದೆ.

ಬ್ರೇಕಿನ ಪೈಪುಗಳು ಎಲ್ಲವೂ ಹೊಸತು, 4.75 ಮಿ.ಮೀ. ಉಕ್ಕಿನವು, ತುದಿಗೆ ಡಬಲ್ ಫ್ಲೇರ್ (ಎರಡು ಪದರ ಮಡಚಿ ಅಗಲಿಸಿದ ಬಾಯಿ). ತಾಮ್ರದ ಪೈಪು ಬಗ್ಗಿಸಲು ಸುಲಭ, ಅಲುಗಾಟಕ್ಕೆ ಸೀಳುತ್ತದೆ. ಒಂದೇ ಕೋಣೆಯ ಹಳೆ ಮಾಸ್ಟರ್ ಸಿಲಿಂಡರ್ ಇದ್ದರೆ ಎರಡು ಕೋಣೆಯದಕ್ಕೆ ಬದಲಿಸಿ: ಒಂದು ಪೈಪು ಕಲ್ಲಿಗೆ ಸಿಕ್ಕಿ ಹರಿದರೂ ಎರಡು ಚಕ್ರದ ಬ್ರೇಕು ಉಳಿಯುತ್ತದೆ. ವೈರಿಂಗ್ ಹಳೆಯದನ್ನು ತೇಪೆ ಹಾಕುವುದು ಬೇಡ. ಹೆಡ್‌ಲೈಟಿಗೆ ರಿಲೇ, 2.5 ಚದರ ಮಿ.ಮೀ. ತಂತಿ, ಪ್ರತಿ ಸಾಲಿಗೂ ಫ್ಯೂಸ್, ಎಂಜಿನ್‌ನಿಂದ ಚಾಸಿಗೆ ಮತ್ತು ಬಾಡಿಯಿಂದ ಚಾಸಿಗೆ ದಪ್ಪ ಅರ್ಥ್ ಪಟ್ಟಿ.

ಇನ್ನು ಕ್ಯಾಲೆಂಡರ್. ಆಷಾಢದ ಗಾಳಿಯಲ್ಲಿ ಬಣ್ಣ ಹೊಡೆದರೆ ಬಣ್ಣದ ತುಂಬ ಧೂಳಿನ ಕಾಳು. ಒಣ ಹವೆ, ಗಾಳಿ ಕಡಿಮೆ ಇರುವುದು ದೀಪಾವಳಿ ಕಳೆದು ಶಿವರಾತ್ರಿ ತನಕ. ಅದಕ್ಕೆ ಹಿಂದಿನಿಂದ ಲೆಕ್ಕ ಹಾಕಿ: ಶ್ರಾವಣದಲ್ಲಿ ಬಿಚ್ಚಿ, ದಸರೆ ಹೊತ್ತಿಗೆ ಚಾಸಿ ಮತ್ತು ಹೌಸಿಂಗು, ಡಿಸೆಂಬರ್‌ನಲ್ಲಿ ಬಣ್ಣವಿಲ್ಲದೆ ಇಡೀ ಜೀಪು ಒಮ್ಮೆ ಜೋಡಣೆ. ಈ ಕಚ್ಚಾ ಜೋಡಣೆ ಬಿಟ್ಟರೆ ಆಮೇಲೆ ಗೋಳು. ಹೊಸ ಬಾಡಿ ತರಿಸಿದರಂತೂ ತೂತುಗಳು ಚಾಸಿಗೆ ಹೊಂದುವುದಿಲ್ಲ, ಟೈರು ಪೂರ್ತಿ ತಿರುಗಿಸಿದಾಗ ಕಮಾನಿಗೆ ತಾಗುತ್ತದೆ, ಸೈಲೆನ್ಸರ್ ಪೈಪು ಡೀಸೆಲ್ ನಳಿಗೆಯ ಪಕ್ಕಕ್ಕೇ ಬರುತ್ತದೆ. ಗ್ರೈಂಡರೂ ವೆಲ್ಡಿಂಗೂ ಬೇಕಾಗುವ ಕೆಲಸವೆಲ್ಲ ಆಗಲೇ ಮುಗಿಯಬೇಕು. ಹರಿಯಾಣದ ಮಂಡಿ ಡಬ್ವಾಲಿಯಿಂದ ಬಾಡಿ ತರಿಸುವವರು ತಗಡಿನ ದಪ್ಪವನ್ನು ಮಾತಿನಲ್ಲಿ ನಂಬದೆ ಗೇಜಿನಲ್ಲಿ ಅಳೆಯಿಸಿ. ನೆಲದ ತಗಡು 1.6 ಮಿ.ಮೀ.ಗಿಂತ ತೆಳ್ಳಗಿದ್ದರೆ ಸೀಟಿನ ಬೋಲ್ಟಿನ ಸುತ್ತ ಬಿರುಕು ಬರುತ್ತದೆ. ಕೈಯಲ್ಲಿರುವ ದುಡ್ಡಿನ ಕಾಲು ಭಾಗ ಈ ಹಂತಕ್ಕೆ ಮುಟ್ಟದೆ ಇಟ್ಟಿರಬೇಕು.

ಜನವರಿಯಲ್ಲಿ ಬಿಚ್ಚಿ ಬಣ್ಣ, ಫೆಬ್ರವರಿಯಲ್ಲಿ ಕಡೆಯ ಜೋಡಣೆ. ಮೊದಲ 100 ಕಿ.ಮೀ.ಗೆ ಯು ಬೋಲ್ಟ್, ಚಕ್ರದ ನಟ್ಟು, ಸ್ಟೀರಿಂಗ್ ಬಾಕ್ಸ್ ಬೋಲ್ಟು ಮತ್ತೆ ಬಿಗಿಯಿರಿ, 500ಕ್ಕೆ ಇನ್ನೊಮ್ಮೆ. ಆ 500ಕ್ಕೇ ಹೌಸಿಂಗಿನ ಆಯಿಲನ್ನು ಬಿಸಿ ಇರುವಾಗಲೇ ಅಗಲ ಬಾಣಲಿಗೆ ಇಳಿಸಿ, ಬಿಸಿಲಿಗೆ ಹಿಡಿದು ನೋಡಿ. ಬೂದಿ ಬಣ್ಣದ ನುಣ್ಣನೆ ಪೇಸ್ಟು ಇದ್ದರೆ ಹೊಸ ಹಲ್ಲು ಕೂರುತ್ತಿದೆ. ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಬ್ರೀದರ್ ನಳಿಗೆ, ಸೀಲು ಪರೀಕ್ಷಿಸಿ. ಉಗುರಿಗೆ ಸಿಗುವಂಥ ಉಕ್ಕಿನ ಚೂರು ಬಂದರೆ ಜೀಪನ್ನು ಮತ್ತೆ ಸ್ಟ್ಯಾಂಡಿಗೆ ಏರಿಸಿ, ಮುಚ್ಚಳ ತೆಗೆಯಿರಿ.